ಪಾತಾಳದ ದನಿ ಕದ್ದವರು ಯಾರು?

"ಕ್ಯಾಸೆಟ್ ಎಲ್ಲಿ? ಇದರೊಳಗಿದ್ದ ಕ್ಯಾಸೆಟ್ ಎಲ್ಲಿ?"

ದೊಡ್ಡವನ ಕೂಗು ಕೇಳಿ, ಮೈಕಿನ ವೈರು ಬಿಡಿಸುತ್ತಿದ್ದ ನಾನು ತಿರುಗಿ ನೋಡಿದೆ. ಹಳೆಯ ಟೇಪ್ ರೆಕಾರ್ಡರಿನ ಬಾಯಿ ತೆರೆದುಕೊಂಡಿತ್ತು. ಒಳಗೆ ಖಾಲಿ.

ಅಂದು ಬೆಳಗ್ಗೆ ಕೊನೆಯ ಹಾಡನ್ನು ರೆಕಾರ್ಡ್ ಮಾಡಬೇಕಿತ್ತು. ಆ ಹಾಡಿನ ಜೀವವೇ ಆ ಕ್ಯಾಸೆಟ್ಟಿನಲ್ಲಿತ್ತು.

ಅವರದು ಮೂವರ ರಾಕ್ ತಂಡ. ಗಿಟಾರು ನುಡಿಸುವ ಅಣ್ಣ ದೊಡ್ಡವನು. ಡ್ರಮ್ಸ್ ಬಾರಿಸುವ ತಮ್ಮ ಚಿಕ್ಕವನು. ಹಾಡುವವಳದು ಕಡ್ಡಿಯಂಥ ಮೈ, ಸಿಡಿಲಿನಂಥ ಗಂಟಲು. ಅವಳನ್ನು ಎಲ್ಲರೂ 'ಗುಡುಗು' ಎನ್ನುತ್ತಿದ್ದರು. ನಾನು ರೆಕಾರ್ಡಿಂಗ್ ಮಾಡುವವಳು. ಅಣ್ಣತಮ್ಮಂದಿರ ಮನೆಯ ಕೆಳಗಿನ ಕೋಣೆಯೇ ನಮ್ಮ ಸ್ಟುಡಿಯೋ. ಒಂದು ಕಾಲಕ್ಕೆ ಅದು ಅವರ ತಂದೆಯ ರೇಡಿಯೋ ರಿಪೇರಿ ಅಂಗಡಿಯಾಗಿತ್ತು.

ದೊಡ್ಡವನಿಗೆ ಹಳೆಯ ಭಯಾನಕ ಕಥೆಗಳ ಹುಚ್ಚು. ಅವುಗಳಲ್ಲಿ ಕೂದಲು ಕೆದರಿಕೊಂಡು ಬರುವ ದೆವ್ವಗಳಿಲ್ಲ. ನಕ್ಷತ್ರಗಳಿಗಿಂತ ಹಳೆಯದಾದ, ಮನುಷ್ಯನನ್ನು ಇರುವೆಯಷ್ಟೂ ಲೆಕ್ಕಕ್ಕಿಡದ ಏನೋ ಒಂದು ಇರುತ್ತದೆ. ಅವನ್ನು ಓದಿ ಓದಿ ಒಂದೇ ಕಥೆ ಹೇಳುವ ಆಲ್ಬಂ ಕಟ್ಟಿದ್ದ. ದೀಪಸ್ತಂಭ ಕಾಯುವವನೊಬ್ಬನಿಗೆ ಕಡಲ ತಳದಿಂದ ದನಿ ಕೇಳುತ್ತದೆ. ಅಲ್ಲೇನೋ ಮಲಗಿದೆ. ಅದು ಎದ್ದರೆ ಲೋಕವೇ ಮುಳುಗುತ್ತದೆ. ಕೊನೆಯ ಹಾಡಿನಲ್ಲಿ ಆ ದನಿಯೇ ಬರಬೇಕು.

ದನಿ ಸಿಕ್ಕಿದ್ದು ಅಪ್ಪನ ಅಂಗಡಿಯ ಹಳೆಯ ಪೆಟ್ಟಿಗೆಯಲ್ಲಿ, ಹೆಸರು ಬರೆಯದ ಒಂದು ಕ್ಯಾಸೆಟ್ಟಿನಲ್ಲಿ. ಅಲ್ಲಿಯೇ ಇದ್ದ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿತ್ತು. ಏನು ಹಾಕಿದರೂ ಎಳೆದೆಳೆದು ಹಾಡುತ್ತಿತ್ತು. ಅದರಲ್ಲಿ ಈ ಕ್ಯಾಸೆಟ್ ಹಾಕಿದರೆ ಗೋಡೆ ನಡುಗಿಸುವ ನರಳಾಟ. ಅದು ನಿಜವಾಗಿ ಏನೆಂದು ದೊಡ್ಡವನು ಹುಡುಕಲೇ ಇಲ್ಲ. "ಏನು ಅಂತ ಗೊತ್ತಾದ್ರೆ ಭಯ ಹೋಗತ್ತೆ" ಎನ್ನುತ್ತಿದ್ದ. ಕಂಪ್ಯೂಟರಿಗೆ ಇಳಿಸಿಕೊಳ್ಳಲೂ ನನ್ನನ್ನು ಬಿಟ್ಟಿರಲಿಲ್ಲ. ತಂಡದ ಜೊತೆಗೇ ಅದೂ ನೇರವಾಗಿ ನುಡಿಯಬೇಕು ಎಂದು ಹಟ.

ಈಗ ಕ್ಯಾಸೆಟ್ ಮಾಯ. ಬಾಗಿಲ ಬೀಗ ಮಾತ್ರ ಹಾಕಿದ್ದ ಹಾಗೇ ಇತ್ತು.

"ನಿನ್ನೆ ಯಾರು ಹೇಳಿದ್ರು, 'ಆ ಕ್ಯಾಸೆಟ್ ಹಾಳಾಗಿ ಹೋಗ್ಲಿ' ಅಂತ?" ದೊಡ್ಡವನು ಗುಡುಗಿನತ್ತ ತಿರುಗಿದ.

"ನಾನೇ ಹೇಳಿದ್ದು. ಏನೀಗ? ಕೋಪದಲ್ಲಿ ಅಂದ್ರೆ ಕದ್ದ ಹಾಗಾ?"

ಜಗಳ ಕೈ ಮೀರುವ ಮುಂಚೆ ನಾನು ನನ್ನ ಸೋದರತ್ತೆಗೆ ಫೋನು ಮಾಡಿದೆ. ಅತ್ತೆ ಪೊಲೀಸ್ ಇಲಾಖೆಯಲ್ಲಿ ಪತ್ತೆ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿ ಅವರಿಗಿದ್ದ ಅಡ್ಡಹೆಸರು 'ಜಿಗಣೆ'. ಹಿಡಿದರೆ ಬಿಡುವವರಲ್ಲ.

ನಡೆದದ್ದನ್ನೆಲ್ಲ, ಎಳೆದೆಳೆದು ಹಾಡುವ ಟೇಪ್ ರೆಕಾರ್ಡರಿನ ಕಥೆಯನ್ನೂ ಸೇರಿಸಿ, ಫೋನಿನಲ್ಲೇ ಹೇಳಿದೆ. ಅತ್ತೆ ಬಂದರು. ಚಪ್ಪಲಿ ಬಿಟ್ಟು, ಕನ್ನಡಕ ಒರೆಸಿ, ಮೊದಲು ಗುಡುಗನ್ನು ಕೂರಿಸಿಕೊಂಡರು.

"ಬೀಗದ ಕೈ ಇದೆಯೇನಮ್ಮ ನಿನ್ನ ಹತ್ರ?"

"ಇದೆ. ಮೂವರ ಹತ್ರಾನೂ ಇದೆ."

"ಜಗಳ ಯಾಕೆ?"

"ಕಥೆ ಕೊನೇಲಿ ಒಂದು ಮನುಷ್ಯರ ದನಿ ಬೇಕು ಅಂದೆ. ಬರೀ ಭೂತ ನರಳಿದ್ರೆ ಕೇಳೋರಿಗೆ ಏನು ಉಳಿಯತ್ತೆ? ಇವನು ಒಪ್ಪಲಿಲ್ಲ."

"ನಿನ್ನೆ ಇಲ್ಲಿಂದ ಎಲ್ಲಿಗೆ ಹೋದೆ?"

"ಅಕ್ಕನ ಮನೆಗೆ. ಬೇಕಾದ್ರೆ ಕೇಳಿ."

ಅತ್ತೆ ಚಿಕ್ಕವನತ್ತ ನೋಡಿದರು. ಅವನು ಡ್ರಮ್ಮಿನ ಹಿಂದೆ ತಲೆ ತಗ್ಗಿಸಿ ಕೂತಿದ್ದ.

"ನಿನಗೇನಪ್ಪ ಆ ಕ್ಯಾಸೆಟ್ ಮೇಲೆ ಕೋಪ?"

"ಕೋಪ ಏನಿಲ್ಲ ಮೇಡಂ. ಬೈಗುಳ ತಿಂದಿದ್ದೇ ಬಂತು. ಅದು ಶುರುವಾದ್ರೆ ನಂಗೆ ಆಕಳಿಕೆ."

"ಆಕಳಿಕೆ?"

"ಲೋಕ ಮುಳುಗೋ ಜಾಗದಲ್ಲಿ ಇವನು ತೂಕಡಿಸ್ತಾನೆ!" ದೊಡ್ಡವನು ರೇಗಿದ. "ಎರಡು ಸಲ ತಾಳ ತಪ್ಪಿಸಿದಾನೆ. ಇವನೇ ಬಚ್ಚಿಟ್ಟಿದ್ರೂ ಆಶ್ಚರ್ಯ ಇಲ್ಲ."

ಚಿಕ್ಕವನ ಕಣ್ಣು ತುಂಬಿತು. "ಅಣ್ಣಾ, ನಾನು ನಿನ್ನ ವಸ್ತು ಕದೀತೀನಾ?"

ದೊಡ್ಡವನು ಗಿಟಾರಿನತ್ತ ಮುಖ ತಿರುಗಿಸಿದ. ತಾಯಿಯಿಲ್ಲದ ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವನು ಆ ಅಣ್ಣನೇ. ತಾಯಿ ತೀರಿಕೊಂಡಾಗ ಚಿಕ್ಕವನಿನ್ನೂ ತೊಟ್ಟಿಲ ಕೂಸು.

ಅತ್ತೆ ಪೆಟ್ಟಿಗೆಯಿಂದ ಬೇರೊಂದು ಕ್ಯಾಸೆಟ್ ತೆಗೆದು ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದರು. ರೇಡಿಯೋದವರೊಬ್ಬರು ಹವಾಮಾನ ವರದಿಯನ್ನು ಸ್ಫುಟವಾಗಿ, ಚುರುಕಾಗಿ ಓದಿದರು. ಅತ್ತೆ ಪೂರ್ತಿ ಕೇಳಿ ಆರಿಸಿದರು. ಬೆರಳನ್ನು ಮೂಗಿಗೆ ಹಿಡಿದುಕೊಂಡರು.

"ಮೇಲೆ ಯಾರಿದಾರೆ?"

"ಅಪ್ಪ," ಅಂದ ದೊಡ್ಡವನು. "ಅವರಿಗೂ ಇದಕ್ಕೂ ಸಂಬಂಧ ಇಲ್ಲ. ಕಿವಿ ಪೂರ್ತಿ ಹೋಗಿದೆ. ಬೇಡ ಅಂದ್ರೂ ಕಿವಿಗೆ ಯಂತ್ರ ಹಾಕಿದ್ವಿ, ಅದರಿಂದಲೂ ಪ್ರಯೋಜನ ಆಗ್ಲಿಲ್ಲ. ನಾವು ಹೀಗೆ ಗಲಾಟೆ ಮಾಡೋಕೆ ಆಗಿರೋದೂ ಅವರಿಗೆ ಕೇಳಿಸಲ್ಲ ಅಂತಲೇ."

"ಮಾತಾಡ್ಸಿ ಬರ್ತೀನಿ."

ನಾನೂ ಹಿಂದೆಯೇ ಹೋದೆ. ಮುದುಕರು ಕಿಟಕಿಯ ಬಳಿ ಕೂತಿದ್ದರು. ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿತ್ತು; ಹಾಸಿಗೆ ನೆಲದ ಮೇಲೆ, ಕೋಣೆಯ ನಟ್ಟನಡುವೆ. ಅತ್ತೆ ಅವರ ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದರು.

"ಯಜಮಾನ್ರೇ, ಮಂಚ ಬಿಟ್ಟು ನೆಲದ ಮೇಲೆ ಯಾಕೆ?"

"ಸೊಂಟನೋವು ತಾಯಿ."

"ಯಾವಾಗಿಂದ?"

"ಈ ಹುಡುಗರು ಹೊಸ ಹಾಡು ಶುರು ಮಾಡಿದ ಮೇಲೆ..." ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ಅತ್ತೆ ಮತ್ತೇನೂ ಕೇಳಲಿಲ್ಲ. ಅವರ ಕೈ ಹಿಡಿದು, "ಕೆಳಗೆ ಬನ್ನಿ. ಮಕ್ಕಳು ಜಗಳ ಆಡ್ತಿದಾರೆ" ಅಂದರು. ಮುದುಕರ ಮುಖ ಸುಟ್ಟ ಬದನೆಕಾಯಿಯಂತೆ ಬಾಡಿಹೋಯಿತು. ಎದ್ದು ಬಂದರು.

ಎಲ್ಲರೂ ಸೇರಿದ ಮೇಲೆ ಅತ್ತೆ ಮಾತು ಶುರು ಮಾಡಿದರು.

"ನಾನು ಆಗ ಹವಾಮಾನ ವರದಿ ಹಾಕಿದೆ. ನಿಮಗೆಲ್ಲ ಏನು ಕೇಳಿಸ್ತು?"

"ಹವಾಮಾನ ವರದಿ," ಅಂದಳು ಗುಡುಗು.

"ಸರಿಯಾಗಿ ಕೇಳಿಸ್ತಾ?"

"ಸರಿಯಾಗೇ..." ದೊಡ್ಡವನು ಅಲ್ಲಿಗೇ ನಿಂತ. "ಅರೆ! ಅದು ಎಳೆದೆಳೆದು ಬರಬೇಕಿತ್ತಲ್ಲ!"

"ಬರಬೇಕಿತ್ತು. ಬೆಲ್ಟು ಹೊಸದು. ಒಳಗೆ ಎಣ್ಣೆ ಬಿಟ್ಟಿದಾರೆ, ನನ್ನ ಬೆರಳಿಗೂ ಹತ್ತಿತು. ಈಗ ಹೇಳಿ, ಯಾವ ಕಳ್ಳನಪ್ಪ ಕದ್ದುಕೊಂಡು ಹೋಗೋ ಮುಂಚೆ ರಿಪೇರಿ ಮಾಡಿಕೊಟ್ಟು ಹೋಗೋನು? ಆಲ್ಬಂ ಹಾಳು ಮಾಡೋನಿಗೆ ಅದು ಬೇಕಿಲ್ಲ. ಕ್ಯಾಸೆಟ್ಟನ್ನ ಸರಿಯಾದ ವೇಗದಲ್ಲಿ ಕೇಳ್ಬೇಕು ಅನ್ನೋನಿಗೆ ಬೇಕು. ಈ ಯಂತ್ರಕ್ಕೆ ಬೆಲ್ಟು ಹಾಕೋ ಕೈ ಈ ಮನೇಲಿ ಒಂದೇ. ಮತ್ತೆ, ಸೊಂಟನೋವಿನೋರು ನೆಲದಿಂದ ಏಳೋ ಕಷ್ಟ ತಗೊಳ್ಳಲ್ಲ. ಆ ಹಾಸಿಗೆ ಇರೋದು ಸರಿಯಾಗಿ ನಿಮ್ಮ ದೊಡ್ಡ ಸ್ಪೀಕರಿನ ನೆತ್ತಿ ಮೇಲೆ."

"ಅಪ್ಪ?" ದೊಡ್ಡವನ ದನಿ ಒಡೆಯಿತು.

ಮುದುಕರು ಅಂಗಿಯ ಒಳಜೇಬಿನಿಂದ ಕ್ಯಾಸೆಟ್ ತೆಗೆದು ಮಗನ ಅಂಗೈಯಲ್ಲಿಟ್ಟರು.

"ಅದು ನಿಮ್ಮಮ್ಮ ಕಣೋ. ಇವನಿಗೆ ಜೋಗುಳ ಹಾಡ್ತಿದ್ದಾಗ ನಾನೇ ಹಿಡಿದಿಟ್ಟಿದ್ದು. ಎಲ್ಲೋ ಕಳೆದುಹೋಯ್ತು ಅಂದ್ಕೊಂಡಿದ್ದೆ. ಒಂದು ದಿನ ನೆಲ ನಡುಗ್ತು. ತೊಟ್ಟಿಲು ತೂಗಿದ್ದು ನನ್ನ ಕೈ. ಆ ತಾಳ ಮರೀತೀನಾ? ಪ್ರತಿ ಸಾಲು ಮುಗಿದ ಮೇಲೂ ಅವಳು ಒಂಚೂರು ನಿಲ್ಲಿಸ್ತಿದ್ಲು, ಮಗು ಮಲಗಿತಾ ಅಂತ ಬಗ್ಗಿ ನೋಡೋಕೆ. ನೆಲಾನೂ ಅಲ್ಲಲ್ಲೇ ನಿಲ್ತಿತ್ತು. ಆವತ್ತಿಂದ ನೆಲದ ಮೇಲೇ ಮಲಗಿದೆ."

"ನಮಗೆ ಯಾಕಪ್ಪ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ." ಅವರು ಕಣ್ಣೊರೆಸಿಕೊಂಡರು. "ಇವತ್ತು ನಿಮ್ಮ ರೆಕಾರ್ಡಿಂಗ್ ಮುಗಿಯತ್ತೆ ಅಂತ ನಿಮ್ಮ ತುಟಿ ನೋಡಿ ಗೊತ್ತಾಯ್ತು. ಆಮೇಲೆ ಯಾರು ಹಾಕ್ತಾರೆ? ಒಂದೇ ಒಂದು ಸಲ ಅವಳು ಹಾಡಿದ ಹಾಗೇ ಕೇಳೋಣ ಅಂತ, ನೀವು ಏಳೋ ಮುಂಚೆ ಅಂಗಡಿ ಕಾಲದ ನನ್ನ ಬೀಗದ ಕೈಲಿ ಬಾಗಿಲು ತೆಗೆದು ಬಂದು ಬೆಲ್ಟು ಹಾಕಿದೆ. ಕಿವಿ ಒತ್ತಿ ಹಿಡಿದೆ. ಏನೂ ಇಲ್ಲ. ಯಂತ್ರದ ಮೈಮೇಲೆ ಕೈಯಿಟ್ಟೆ. ಅಲ್ಲೂ ಏನಿಲ್ಲ. ರಿಪೇರಿ ಮಾಡೋಕೆ ಹೋಗಿ ಅಳಿಸಿಬಿಟ್ಟೆ ಮಕ್ಕಳಾ. ಯಾವ ಮುಖ ಇಟ್ಕೊಂಡು ನಿಮಗೆ ಹೇಳ್ಲಿ?"

ಅತ್ತೆ ನನಗೆ ಕಣ್ಣಲ್ಲೇ ಸೂಚಿಸಿದರು. ನಾನು ಕ್ಯಾಸೆಟ್ ತೆಗೆದುಕೊಂಡು ಯಂತ್ರಕ್ಕೆ ಹಾಕಿದೆ. ಗುಂಡಿ ಒತ್ತಿದೆ.

ತೊಟ್ಟಿಲ ಕಿರುಗುಟ್ಟು. ಆಮೇಲೆ, ಒಂದು ಹೆಣ್ಣುದನಿ. ಎಳೆಯದು, ತುಸು ಶ್ರುತಿ ತಪ್ಪಿದ್ದು, ಮಾತಿಲ್ಲದ ಬರಿಯ ಗುನುಗು.

ದೊಡ್ಡವನು ಹಾಗೆಯೇ ನೆಲಕ್ಕೆ ಕುಸಿದು ಕೂತ. ಚಿಕ್ಕವನು ಬಾಯಿ ತೆರೆದು ನಿಂತಿದ್ದ. ತಾಯಿಯ ದನಿ ಹೇಗಿತ್ತೆಂದು ಅವನಿಗೆ ಆವರೆಗೂ ಗೊತ್ತಿರಲಿಲ್ಲ. ಮುದುಕರು ಮಕ್ಕಳ ಮುಖವನ್ನೇ ಒಂದೊಂದಾಗಿ ನೋಡಿದರು.

"ಇದೆಯಾ?" ಅಂದರು. "ಇದಾಳಾ?"

ಚಿಕ್ಕವನು ತಲೆಯಾಡಿಸಿ ಅಪ್ಪನನ್ನು ತಬ್ಬಿಕೊಂಡ.

"ತೆಳ್ಳನೆ ದನಿ ಆ ಪುಟ್ಟ ಯಂತ್ರದಲ್ಲಿ ಅವರಿಗೆ ಮುಟ್ಟಿಲ್ಲ," ಅತ್ತೆ ನನ್ನ ಕಿವಿಯಲ್ಲಿ ಅಂದರು. "ದಪ್ಪ ಮಾಡಿ ಕೊಡೇ."

ನಾನು ಈ ಸಲ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿ, ವೇಗ ಅರ್ಧಕ್ಕೆ ತಗ್ಗಿಸಿ ದೊಡ್ಡ ಸ್ಪೀಕರಿಗೆ ಬಿಟ್ಟೆ. ಗೋಡೆ ನಡುಗಿತು. ಗುಡುಗು ಮುದುಕರ ಕೈ ಹಿಡಿದು ಸ್ಪೀಕರಿನ ಮೇಲಿಟ್ಟಳು. ಅವರು ಕಣ್ಣು ಮುಚ್ಚಿದರು. ಮುಖದ ಒಂದೊಂದೇ ಗೆರೆ ಸಡಿಲವಾಯಿತು.

"ನಿಮ್ಮ ಕಥೇಲಿ ಇವಳು ಏನೋ?" ಎಂದು ಕೇಳಿದರು ಸ್ವಲ್ಪ ಹೊತ್ತಾದ ಮೇಲೆ.

ದೊಡ್ಡವನು ನಾಚಿ ತಲೆ ಕೆಳಗೆ ಹಾಕಿದ. ಗುಡುಗೇ ಅವರ ಮುಂದೆ ಬಂದು, ತುಟಿ ಬಿಡಿಸಿ ಹೇಳಿದಳು: "ಕಡಲ ತಳದಲ್ಲಿ ಮಲಗಿರೋ ಭೂತ, ಅಪ್ಪ. ಅದು ಎದ್ರೆ ಲೋಕ ಮುಳುಗತ್ತೆ."

ಮುದುಕರು ನಕ್ಕೇ ನಕ್ಕರು. ಚಿಕ್ಕವನತ್ತ ಬೆರಳು ತೋರಿಸಿದರು. "ಇವನು ಎದ್ರೂ ಹಾಗೇ ಆಗ್ತಿತ್ತು. ಅದಕ್ಕೇ ಅವಳು ಅಷ್ಟು ಹೊತ್ತು ಹಾಡ್ತಿದ್ದಿದ್ದು!"

ಎಲ್ಲರೂ ಅಳುತ್ತಲೇ ನಕ್ಕೆವು. ದೊಡ್ಡವನು ಮಾತ್ರ ತಲೆಯೆತ್ತಿ ಸ್ಪೀಕರನ್ನೇ ನೋಡುತ್ತಿದ್ದ.

"ಹಾಗಾದ್ರೆ ಇದು ಭೂತದ ದನಿ ಅಲ್ಲ," ಅಂದ ನಿಧಾನವಾಗಿ. "ಅದನ್ನ ಮಲಗಿಸ್ತಿರೋರ ದನಿ. ಯಾರೋ ಹಾಡ್ತಾನೇ ಇದಾರೆ. ಅದಕ್ಕೇ ಲೋಕ ಇನ್ನೂ ಉಳಿದಿದೆ." ತಮ್ಮನತ್ತ ತಿರುಗಿದ. "ತಪ್ಪಾಯ್ತು ಕಣೋ."

"ಬಿಡಣ್ಣ."

ಊಟವಾದ ಮೇಲೆ ಹಾಡು ರೆಕಾರ್ಡ್ ಮಾಡಿದೆವು. ಗುಡುಗು ಅಂದು ಗುಡುಗಲಿಲ್ಲ. ಆ ದನಿಯ ಪಕ್ಕದಲ್ಲಿ ಮೆಲ್ಲಗೆ ಹಾಡಿದಳು. ಮುದುಕರು ಸ್ಪೀಕರಿನ ಮೇಲೆ ಕೈಯಿಟ್ಟು ಕೂತಿದ್ದರು. ಒಂದು ಸಾಲು ಮುಗಿದು ದನಿ ನಿಂತಿತು. ಚಿಕ್ಕವನು ಕೋಲುಗಳನ್ನು ಗಾಳಿಯಲ್ಲೇ ತಡೆದ. ಆ ಮೌನದಲ್ಲಿ ಮುದುಕರು, ತಮ್ಮ ದನಿ ಯಾರಿಗಾದರೂ ಕೇಳುತ್ತದೆಂಬ ಪರಿವೆಯೂ ಇಲ್ಲದೆ ಅಂದರು:

"ಬಗ್ಗಿ ನೋಡ್ತಿದಾಳೆ."

ಅದೂ ಹಾಡಿನಲ್ಲಿ ಸೇರಿಕೊಂಡುಬಿಟ್ಟಿತು. "ಆ ಮಾತು ತೆಗೆದುಬಿಡ್ಲಾ?" ಎಂದು ಆಮೇಲೆ ದೊಡ್ಡವನನ್ನು ಕೇಳಿದೆ.

"ಮುಟ್ಟಿದ್ರೆ ಕೈ ಮುರೀತೀನಿ," ಅಂದ.