ಪಿಪ್ಪೋ ಎಂಬ ಮೂವರು

ಭಾನುವಾರ ಬೆಳಿಗ್ಗೆ 7.40ಕ್ಕೆ ಅಟ್ಟೂರಿನ ಜೈನಾಬ್ ಎಂಬಾಕೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಆಕೆಯ ದುಪಟ್ಟಾದ ಮೇಲಿನ ರಕ್ತ ಇನ್ನೂ ಒಣಗಿರಲಿಲ್ಲ. ಗಂಡ ರಹಮತುಲ್ಲಾ ಪಕ್ಕದ ಸಿಂಗಾಪುರ ಬಡಾವಣೆಯ ಮೈದಾನದಲ್ಲಿ ಇಪ್ಪತ್ತೈದು ವರ್ಷದಿಂದ ಫುಟ್‌ಬಾಲ್ ಕಲಿಸುವವರು. ಆರಕ್ಕೆ ಮೈದಾನದ ಶೆಡ್ಡಿನ ಬೀಗ ತೆಗೆಯಲು ಹೋದವರು ತಲೆ ಒಡೆದು ಬಿದ್ದಿದ್ದರು. ಚಹಾ ಒಯ್ದ ಜೈನಾಬ್ ಅದನ್ನು ನೋಡಿದ್ದರು. ಅವರನ್ನು ಆಸ್ಪತ್ರೆಗೆ ಸೇರಿಸಿ, ಮಗಳನ್ನು ಅಲ್ಲೇ ಬಿಟ್ಟು ದೂರು ಕೊಡಲು ಬಂದಿದ್ದರು.

"ಏನಾದ್ರೂ ಮಾತಾಡಿದ್ರಾ?" ಇನ್‌ಸ್ಪೆಕ್ಟರ್ ಸರಳಾ ಕೇಳಿದರು.

"ಪಿಪ್ಪೋ ಅಂದ್ರು, ಮೇಡಂ. ಎರಡು ಸಲ. ಆಮೇಲೆ ಕಣ್ಣು ಬಿಟ್ಟಿಲ್ಲ."

ತಂಡದಲ್ಲಿ ಒಂಬತ್ತನೇ ನಂಬರಿನ ಅಂಗಿ ತೊಡುವವನಿಗೆ ರಹಮತುಲ್ಲಾ ಇಟ್ಟ ಹೆಸರದು. ಟಿವಿಯಲ್ಲಿ ಕಂಡ ಯಾವನೋ ಇಟಲಿ ಆಟಗಾರನ ಅಡ್ಡಹೆಸರಂತೆ. ಈಗಿನ ಪಿಪ್ಪೋ ಜೀಷಾನ್, ಇಪ್ಪತ್ತು ವರ್ಷದವನು.

8.10ಕ್ಕೆ ಎಫ್‌ಐಆರ್ ಆಯಿತು. ಅರ್ಧ ಗಂಟೆಯೊಳಗೆ ಹೆಡ್ ಕಾನ್‌ಸ್ಟೇಬಲ್ ಆವಲಪ್ಪ ಜೀಷಾನನನ್ನು ಹಾಸಿಗೆಯಿಂದಲೇ ಎಬ್ಬಿಸಿ ತಂದರು. ದಾರಿಯಲ್ಲಿ ಎರಡೇಟು ಹಾಕಿದ್ದು ಕೆನ್ನೆ ನೋಡಿದರೇ ತಿಳಿಯುತ್ತಿತ್ತು. ಅವನ ಅಕ್ಕ ನೂರೀನ್ ಬೆಂಚಿನ ಮೇಲೆ ಕೂತು, "ಅವನು ಮನೇಲೇ ಮಲಗಿದ್ದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸಾಯೋರ್ ಬಾಯಲ್ಲೇ ಹೆಸರು ಬಂದೈತೆ. ಇನ್ನೇನ್ ಬೇಕು, ಮೇಡಂ?" ಎಂದರು ಆವಲಪ್ಪ.

9.30ಕ್ಕೆ ಶೆಡ್ಡಿನಲ್ಲಿ ಪಂಚನಾಮೆ. ರಕ್ತ ಹತ್ತಿದ ಕಬ್ಬಿಣದ ಪೈಪು ಸಿಕ್ಕಿತು. ಒಂಬತ್ತನೇ ನಂಬರಿನ ಅಂಗಿ ತೂಗುಹಾಕುವ ಮೊಳೆ ಖಾಲಿಯಿತ್ತು. ಜೀಷಾನನ ಮನೆ ಜಾಲಾಡಿದರೂ ಅಂಗಿ ಇಲ್ಲ. ತನ್ನದೇ ಅಂಗಿಯನ್ನು ಕದಿಯುವವನು ಯಾರು? ಸರಳಾ ಠಾಣೆಗೆ ಮರಳಿ ಅವನೆದುರು ಕೂತರು.

"ಆ ಅಂಗಿ ನಿಂಗೆ ಯಾರು ಕೊಟ್ರು?"

"ಗಯಾಸ್ ಅಣ್ಣ. ಟೀಮ್ ಬಿಡೋನು ತನ್ನ ಕೈಯಾರೆ ಬಿಚ್ಚಿ ಮುಂದಿನೋನಿಗೆ ಹಾಕ್ಬೇಕು, ಮೇಡಂ. ಅಲ್ಲೀವರೆಗೂ ಅವನೇ ಪಿಪ್ಪೋ. ಸರ್ ರೂಲ್ಸು."

ಗಯಾಸ್‌ಗೆ ಆರ್.ಟಿ. ನಗರದಲ್ಲಿ ಕೋಳಿ ಅಂಗಡಿ. ಸರಳಾ ಹೋದಾಗ ಭಾನುವಾರದ ಜನ ಮುತ್ತಿಕೊಂಡಿದ್ದರು.

"ಆ ಅಂಗಿ ನಿಮಗೆ ಹಾಕಿದ್ದು ಯಾರು?"

ಗಯಾಸ್ ಕತ್ತಿ ಕೆಳಗಿಟ್ಟ. "ಯಾರೂ ಇಲ್ಲ. ಸರ್ರೇ ಮೊಳೆಯಿಂದ ತೆಗೆದುಕೊಟ್ರು. ನನಗಿಂತ ಮುಂಚೆ ಪಿಪ್ಪೋ ಆಗಿದ್ದ ಸುಬ್ರಮಣಿ ಸೆಮಿಫೈನಲ್‌ನಲ್ಲಿ ಮೊಣಕಾಲು ಮುರ್ಕೊಂಡಿದ್ದ. ಅಂಗಿ ಬಿಚ್ಚಿದ್ದು ಆಸ್ಪತ್ರೆಯೋರು. ಹನ್ನೊಂದು ವರ್ಷ ಆಯ್ತು. ಈಗ ಹೆಬ್ಬಾಳದಲ್ಲಿ ಸೆಕ್ಯೂರಿಟಿ ಕೆಲಸ ಮಾಡ್ತಾನೆ."

12.15ಕ್ಕೆ ಫೋನ್ ಬಂತು. ರಹಮತುಲ್ಲಾ ತೀರಿಕೊಂಡಿದ್ದರು. ಕೊಲೆ ಯತ್ನದ ಕೇಸು ಕೊಲೆ ಕೇಸಾಯಿತು.

ಹೆಬ್ಬಾಳದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯೂರಿಟಿಯವನು ಕಾಲೆಳೆಯುತ್ತ ಜೀಪಿನ ಬಳಿ ಬಂದ. "ಹೆಸರು ಹೇಳಿ ಮೇಡಂ, ಬರ್ಕೋಬೇಕು."

"ಮೊದಲು ನಿಮ್ಮ ಹೆಸರು ಹೇಳಿ."

ಸುಬ್ರಮಣಿ ಪೆನ್ನು ಜೇಬಿಗಿಟ್ಟು ಯೂನಿಫಾರ್ಮಿನ ಮೇಲಿನ ಎರಡು ಗುಂಡಿ ಬಿಚ್ಚಿದ. ಒಳಗೆ ಮಾಸಿದ ಕೆಂಪು ಅಂಗಿ, ಎದೆಯ ಮೇಲೆ ಒಂಬತ್ತು.

3.05ಕ್ಕೆ ಠಾಣೆಯಲ್ಲಿ ಸುಬ್ರಮಣಿಯ ಹೇಳಿಕೆ.

"ಒಂದ್ಸಲ ಹಾಕ್ಕೊಂಡು, ನಾನೇ ಬಿಚ್ಚಿ ಆ ಹುಡುಗನಿಗೆ ಹಾಕ್ತೀನಿ ಸರ್, ಅಷ್ಟೇ ಸಾಕು ಅಂದೆ. 'ಹಳೇದೆಲ್ಲ ಯಾಕೋ ಸುಬ್ರಮಣಿ' ಅಂತ ನಕ್ರು."

"ಆಮೇಲೆ?"

"ಪೈಪು ಕೈಗೆ ಸಿಕ್ತು. ಬಿದ್ದ ಮೇಲೆ ನನ್ನ ಕೈ ಹಿಡ್ಕೊಂಡು ಪಿಪ್ಪೋ ಅಂದ್ರು, ಮೇಡಂ. ಹನ್ನೊಂದು ವರ್ಷದಲ್ಲಿ ಅದೇ ಮೊದಲು."

ಸರಳಾಗೆ ಸತ್ತವರ ಮೇಲೂ ಸಿಟ್ಟು ಬಂತು. ಅದನ್ನು ಬರೆಯಲು ಹೇಳಿಕೆಯಲ್ಲಿ ಜಾಗವಿರಲಿಲ್ಲ.

"ಅಂಗಿ ಜಪ್ತಿ ಮಾಡ್ಬೇಕು. ಬಿಚ್ಚಿ."

ಹೊರಗೆ ನೂರೀನ್ ತಮ್ಮನ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಸುಬ್ರಮಣಿ ಕಿಟಕಿಯಿಂದ ನೋಡಿದ. "ಅವನಿಗೆ ಹಾಕ್ಲಾ, ಮೇಡಂ?"

"ಆಗಲ್ಲ. ಅದು ಸಾಕ್ಷಿ."

ಅವನು ಎರಡೂ ಕೈ ಎತ್ತಿ ಅಂಗಿ ಬಿಚ್ಚಿದ, ತೋಳುಗಳನ್ನು ನೇರ ಮಾಡಿ ಮಡಚಿದ. ಆವಲಪ್ಪ ಕವರು ಹಿಡಿದು ನಿಂತಿದ್ದರು. ಬೇರೆ ಯಾರೂ ಇಲ್ಲದ್ದಕ್ಕೆ ಅವರ ಕೈಗೇ ಇಟ್ಟ.