ಬರೆಯದೆ ಉಳಿದ ಒಂದು ದಿನ

"ಇದನ್ನೂ ನಿಮ್ಮ ದಿನಚರೀಲಿ ಬರ್ಕೊಳ್ಳಿ," ಎಂದೆ. "ಇವತ್ತು ಮೋಡ. ಇತ್ಸುಕೊ ಬಂದು ನನ್ನನ್ನ ಹಿಂಡಿ ಒಣಗಿಸಿದ ಬಟ್ಟೆ ಅಂತ ಬೈದಳು. ಬರೆದ ಮೇಲೆ ಮನಸ್ಸು ಹಗುರವಾಯ್ತು. ಬರೀರಿ, ಪೆನ್ನು ನಾನೇ ಕೊಡ್ಲಾ?"

ಕುವಾಹಾರ ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ, ಒಂದೇ ಹದ. ನನ್ನ ಕಡೆ ತಿರುಗಲೂ ಇಲ್ಲ. ಕನ್ನಡಿಯಲ್ಲೇ ನೋಡಿ, "ಕೂತ್ಕೊಳ್ಳಿ ಇತ್ಸುಕೊ ಸಾನ್, ಟೀ ಮಾಡ್ತೀನಿ" ಎಂದರು.

ಟೀ ಅಂತೆ.

ಹಿಂದಿನ ದಿನ ಇದೇ ಅಂಗಡಿಯಲ್ಲಿ ನಿಂತು ನಾನು ಒಂದು ವಿಷಯ ಹೇಳಿದ್ದೆ. ಎರಡು ದೋಣಿಗಳ ಒಡೆಯ ಸನಾದ ನನ್ನನ್ನು ಮದುವೆಯಾಗುತ್ತೇನೆಂದು ತೊಫು ಅಂಗಡಿಯ ಅಜ್ಜಿಯ ಮೂಲಕ ಹೇಳಿ ಕಳಿಸಿದ್ದಾನೆ, ಏನು ಉತ್ತರ ಕೊಡಲಿ? ಹೆಂಗಸೊಬ್ಬಳು ಗಂಡಸಿನ ಮುಂದೆ ಹೀಗೆ ಕೇಳಿದರೆ ಅದರ ಅರ್ಥವೇನೆಂದು ನಮ್ಮ ಹಾಮಾದ ಬಂದರಿನ ಬೆಕ್ಕುಗಳಿಗೂ ಗೊತ್ತು. ಇವರಿಗೂ ಗೊತ್ತಾಯಿತು. ಕಿವಿಯ ತನಕ ಕೆಂಪಾದರು, ಕೈಯಲ್ಲಿದ್ದ ಬಾಚಣಿಗೆ ಜಾರಿ ಬಿತ್ತು. ಆ ಕೆಂಪು ನೋಡಿ ನಾನು ದಾರಿಯುದ್ದಕ್ಕೂ ನಗುತ್ತ ಮನೆಗೆ ಹೋದೆ.

ಸಂಜೆ ಅವರು ಎಂದಿನಂತೆ ಬಾಗಿಲು ಎಳೆದು ದಿನಚರಿ ಬರೆದರು. ಮರುದಿನ ನಾನು ಬಂದು ನೋಡಿದರೆ ಮುಖದಲ್ಲಿ ಕೆಂಪೂ ಇಲ್ಲ, ಏನೂ ಇಲ್ಲ. "ಸನಾದ ಒಳ್ಳೆ ಮನುಷ್ಯ. ಯೋಚನೆ ಮಾಡಿ" ಎಂದರು. ಜಗಳ ಹತ್ತಿದ್ದು ಅದಕ್ಕೆ.

ನಾನು ಒಣಮೀನು ಮಾಡಿ ಮಾರುವವಳು. ಕುಡುಕ ಗಂಡನನ್ನು ನಾನೇ ಬಿಟ್ಟು ಬಂದು ಬಹಳ ವರ್ಷವಾಯಿತು. ಹಳ್ಳಿ ಶಾಲೆಯಲ್ಲಿ ಓದಿದ್ದೇನೆ, ದಿನಚರಿ ಗೊತ್ತಿಲ್ಲದವಳೇನಲ್ಲ. ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಪುಟ ಚಿತ್ರ ಬಿಡಿಸಿ ಬರೆಯಬೇಕಿತ್ತು. ನಾನು ರಜೆಯ ಕೊನೆಯ ದಿನ ಕೂತು, ಯಾವತ್ತು ಮಳೆ, ಯಾವತ್ತು ಬಿಸಿಲು ಎಂದು ದೋಣಿಗೆ ಹೋಗುತ್ತಿದ್ದ ಅಪ್ಪನನ್ನು ಕೇಳಿ, ಒಂದೇ ಸಲಕ್ಕೆ ಎಲ್ಲ ತುಂಬುತ್ತಿದ್ದೆ. ಟೀಚರು ಕೆಂಪು ಶಾಯಿಯಲ್ಲಿ "ಮನಸ್ಸಿನಿಂದ ಬರೆದಿದ್ದೀಯ" ಎಂದು ಹಾಕಿ ಕೊಡುತ್ತಿದ್ದರು. ಅಂದಿನಿಂದ ಈ ವಿದ್ಯೆಯ ಮೇಲೆ ನನಗಿರುವ ಗೌರವ ಅಷ್ಟೇ.

ಆದರೆ ಕುವಾಹಾರರ ಕೈ ಬೇರೆ ಮಾತು. ಊರಿನ ಹೆಂಗಸರು ಇಲ್ಲಿಯ ವಾಡಿಕೆಯಂತೆ ಮುಖಕ್ಕೂ ಕತ್ತಿನ ಹಿಂಭಾಗಕ್ಕೂ ಕ್ಷೌರ ಮಾಡಿಸಿಕೊಳ್ಳಲು ಅವರಲ್ಲಿಗೇ ಹೋಗುತ್ತಾರೆ. ಕುರ್ಚಿ ಹಿಂದಕ್ಕೆ ಬಾಗುತ್ತದೆ, ಬಿಸಿ ಬಟ್ಟೆ ಮುಖದ ಮೇಲೆ ಕೂರುತ್ತದೆ. ಆಮೇಲೆ ನೊರೆ. ಆಮೇಲೆ ಕಿರುಬೆರಳೊಂದು ಗದ್ದದ ಕೆಳಗೆ ಬಂದು ಮುಖವನ್ನು ತಿರುಗಿಸುತ್ತದೆ, ಹೂವಿನ ಕುಂಡ ಬಿಸಿಲಿಗೆ ತಿರುಗಿಸಿದ ಹಾಗೆ. ನನ್ನನ್ನು ಅಷ್ಟು ಮೆಲ್ಲಗೆ ಯಾರೂ ತಿರುಗಿಸಿರಲಿಲ್ಲ.

ಮುಗಿದ ಮೇಲೆ ಕುರ್ಚಿ ನೇರವಾಗುತ್ತಿತ್ತು. ಕನ್ನಡಿಯಲ್ಲಿ ನನ್ನ ಕಣ್ಣು ಅವರ ಕಣ್ಣಿಗೆ ಸಿಗುತ್ತಿತ್ತು. ಅವರು ಕೂಡಲೇ ಬಾಚಣಿಗೆಗಳ ಗಾಜಿನ ಲೋಟ ನೋಡುತ್ತಿದ್ದರು. ನಾನು ಬಿಡುತ್ತಿರಲಿಲ್ಲ. "ಎಡಗಡೆ ಇನ್ನೊಂದು ಸಲ ನೋಡಿ, ಒರಟಾಗಿದೆ" ಎನ್ನುತ್ತಿದ್ದೆ. ಒರಟೇನೂ ಇರುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಬೆರಳಿನ ಹಿಂಬದಿಯಿಂದ ಕೆನ್ನೆ ಮುಟ್ಟಿ, "ಹೌದು, ಸ್ವಲ್ಪ" ಎನ್ನುತ್ತಿದ್ದರು.

ಆ ಕೈ ಹಿಂದೊಮ್ಮೆ ನಡುಗುತ್ತಿತ್ತಂತೆ. ಹೆಂಡತಿ ತೀರಿಕೊಂಡ ಮೇಲೆ ಕತ್ತಿ ಹಿಡಿಯಲಾಗದೆ, ಗಿರಾಕಿಗಳು ಬಿಟ್ಟುಹೋಗಿ, ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಅವರ ಅಕ್ಕ ಒಂದು ದಿನಚರಿ ಕಳಿಸಿ ದಿನಾ ಸಂಜೆ ಬರೆ ಎಂದಳು. ಬರೆದರು. ನಿದ್ದೆ ಬಂತು, ಕೈ ನಿಂತಿತು, ಗಿರಾಕಿಗಳು ತಿರುಗಿ ಬಂದರು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಮುರಿದ ಕಾಲಿಗೆ ಕೋಲು ಬೇಕು. ಕಾಲು ಕೂಡಿಕೊಂಡ ಮೇಲೂ ಕೋಲನ್ನೇ ನಡೆಯಲು ಕಳಿಸಿ ತಾನು ಮನೆಯಲ್ಲಿ ಕೂರುವವನನ್ನು ಕಂಡರೆ ನನಗೆ ಆಗುವುದಿಲ್ಲ.

ಒಮ್ಮೆ ನನ್ನನ್ನೂ ಸಭಾಭವನದ ದಿನಚರಿ ತರಗತಿಗೆ ಕರೆದುಕೊಂಡು ಹೋಗಿದ್ದರು. ಒಸಾಕಾದಿಂದ ಬಂದ ಮೇಡಂ ಒಬ್ಬಳು, ಮಲಗಿದ ಮಗುವನ್ನು ಎಬ್ಬಿಸಬಾರದೆಂಬ ದನಿಯಲ್ಲಿ, ಬರೆದರೆ ಕೋಪ ಕರಗುತ್ತದೆ, ದುಃಖ ಕರಗುತ್ತದೆ, ನಿಮಗೆ ನೀವೇ ಗೆಳೆಯರಾಗುತ್ತೀರಿ ಎಂದಳು. ಸುತ್ತ ಕೂತ ಹೆಂಗಸರು ಪುಟದ ಅಂಚಿಗೆ ಹೂವಿನ ಚೀಟಿ ಅಂಟಿಸುತ್ತ ಮೂಗು ಒರೆಸಿಕೊಂಡರು. ಅವರಲ್ಲೊಬ್ಬಳ ಅತ್ತೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಸೊಸೆ ಆ ಅತ್ತೆಗೆ ಕೃತಜ್ಞತೆ ಬರೆಯುತ್ತ ಇಲ್ಲಿ ಕೂತಿದ್ದಳು. ನನಗೆ ಏನಾದರೂ ಕೇಳುವುದಿದೆಯೇ ಎಂದು ಮೇಡಂ ಕೇಳಿದಳು. "ನನ್ನ ಕೋಪ ಕರಗಿಹೋದರೆ ದಲ್ಲಾಳಿ ಹತ್ರ ಬೆಲೆಗೆ ಜಗಳ ಆಡೋರು ಯಾರು?" ಎಂದೆ. ಕುವಾಹಾರ ತಲೆ ತಗ್ಗಿಸಿದರು. ತಗ್ಗಿಸಿ ನಗುತ್ತಿದ್ದರು. ಆ ನಗುವಿಗಾಗಿಯೇ ನಾನು ಇಷ್ಟು ಕಾಲ ಕಾದದ್ದು.

ಸರಿ, ಜಗಳಕ್ಕೆ ಬರುತ್ತೇನೆ. ಅವರು ತಂದ ಟೀ ಮುಟ್ಟಲಿಲ್ಲ. ಒಂದೇ ಒಂದು ದಿನ ಬರೆಯಬೇಡಿ, ಬರೆಯದೆ ನನ್ನೆದುರು ಬಂದು ಸನಾದನ ವಿಷಯ ಏನು ಹೇಳುತ್ತೀರೋ ಹೇಳಿ, ನೀವು ಹೇಳಿದ ಹಾಗೆ ಕೇಳುತ್ತೇನೆ ಎಂದೆ. ಟೀ ಇಟ್ಟು ಮತ್ತೆ ಶುರು ಮಾಡಿದ್ದ ಕತ್ತಿ ಉಜ್ಜುವ ಸದ್ದು ನಿಂತಿತು. ಆಗಲಿ ಎಂದರು.

ಮರುದಿನ ಮಧ್ಯಾಹ್ನ ನಾನು ಅಂಗಳದಲ್ಲಿ ಕೂತು ಬಂಗುಡೆ ಸೀಳುತ್ತಿದ್ದೆ. ಕುವಾಹಾರ ಬಂದರು. ಬಿಳಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು, ಕಾಲಲ್ಲಿ ಅಂಗಡಿಯೊಳಗಿನ ಚಪ್ಪಲಿ. ಬೆಳಿಗ್ಗೆ ಒಬ್ಬ ಗಿರಾಕಿಯ ಕಿವಿ ಕೊಯ್ದು, ಕ್ಷಮೆ ಕೇಳಿ, ಅಂಗಡಿ ಮುಚ್ಚಿ ಬಂದಿದ್ದರು. ಕೈ ನಡುಗುತ್ತಿತ್ತು.

"ಆ ಸನಾದ ನಿನ್ನ ಕತ್ತು ಮುಟ್ಟೋದನ್ನ ನೆನೆಸ್ಕೊಂಡ್ರೆ ನನಗೆ ಉಸಿರು ಕಟ್ಟುತ್ತೆ," ಎಂದರು. "ಹೋಗ್ಬೇಡ, ಇತ್ಸುಕೊ. ನನ್ನ ಜೊತೆ ಇರು."

ಹೆಸರಿಗೆ ಅಂಟಿಸುವ ಮರ್ಯಾದೆಯ ಸಾನ್ ಇಲ್ಲ. ನೀವು ಇಲ್ಲ. ಬರೀ ಇತ್ಸುಕೊ.

"ನಾನು ಮೀನು ನಾತ ಹೊಡೀತೀನಿ," ಎಂದೆ.

"ಗೊತ್ತು. ನೀನು ಎದ್ದು ಹೋದ ಮೇಲೂ ಕುರ್ಚೀಲಿ ಇರುತ್ತೆ. ಅವತ್ತು ನಾನು ಕಿಟಕಿ ತೆಗೆಯಲ್ಲ."

ಕೈ ತೊಳೆಯಲೂ ಬಿಡದೆ ಹಿಡಿದುಕೊಂಡರು. ಇಬ್ಬರೂ ಕವುಚಿದ ಮೀನಿನ ಪೆಟ್ಟಿಗೆಗಳ ಮೇಲೆ ಕೂತು, ಕೆಂಡದ ಮೇಲೆ ಮೀನು ಸುಟ್ಟುಕೊಂಡು ತಿಂದೆವು. ಐಸ್ ಕಾರ್ಖಾನೆಯ ಹುಡುಗರ ಜೊತೆ ನಾನು ಜೋರಾಗಿ ನಗುವುದು ತಮಗೆ ಮೊದಲಿಂದಲೂ ಸೇರುತ್ತಿರಲಿಲ್ಲ ಎಂದು ಮುಖ ಊದಿಸಿಕೊಂಡು ಹೇಳಿದರು. ಮೊದಲಿಂದ ಎಂದರೆ ಯಾವಾಗಿನಿಂದ ಎಂದು ಕೆಣಕಿದೆ. ಮುಳ್ಳು ಬಿಡಿಸಿದ ಮೀನಿನ ತುಂಡನ್ನು ನನ್ನ ಬಟ್ಟಲಿಗೆ ಹಾಕಿದರು. ನನ್ನ ಎದೆ ಕುಣಿಯುತ್ತಿತ್ತು, ಈ ವಯಸ್ಸಿನಲ್ಲಿ. ಅವರು ಹೋದ ಮೇಲೆ ನಾನು ನೇರ ತೊಫು ಅಂಗಡಿಗೆ ನಡೆದು, ಸನಾದನಿಗೆ ಆಗುವುದಿಲ್ಲವೆಂದು ಹೇಳಿಬಿಡಿ ಎಂದೆ. ಹುಚ್ಚು ಹಿಡಿದಿದೆ ನಿನಗೆ ಎಂದು ಅಜ್ಜಿ ಬೈದಳು. ಸುಖವಾಗಿ ಬೈಸಿಕೊಂಡೆ.

ಮರುದಿನ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಉಡುಪು ತೊಟ್ಟು ಕ್ಷೌರಕ್ಕೆ ಹೋದೆ. ಬಿಸಿ ಬಟ್ಟೆ, ನೊರೆ, ಕಿರುಬೆರಳು. ಬಲಗೆನ್ನೆ ಮುಗಿಯಿತು. ಕೈ ಕಲ್ಲಿನ ಹಾಗೆ ನಿಂತಿತ್ತು. ಅದು ತಿಳಿದ ಕ್ಷಣವೇ ನಾನು ಕಣ್ಣು ಬಿಟ್ಟೆ.

"ಮೊನ್ನೆ ಬರೀದೆ ಇದ್ದಿದ್ದಕ್ಕೆ ಹಾಗಾಯ್ತು. ನಿನ್ನೆ ನಾನು ಅತಿಯಾಗಿ ನಡ್ಕೊಂಡೆ, ಕ್ಷಮಿಸಿ ಇತ್ಸುಕೊ ಸಾನ್," ಎಂದರು. "ರಾತ್ರಿ ಕೂತು ಎಲ್ಲ ಬರೆದುಬಿಟ್ಟೆ. ಈಗ ಎಷ್ಟೋ ಹಗುರ."

ಸನಾದನಿಗೆ ಆಗುವುದಿಲ್ಲ ಎಂದು ಹೇಳಿ ಬಂದಿದ್ದೇನೆ ಎಂದೆ.

"ಹೌದಾ. ನೀವು ಯೋಚಿಸಿ ಮಾಡಿದ್ದು ಸರಿಯಾಗೇ ಇರುತ್ತೆ."

ಎದ್ದು ಕೂತೆ. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ಈ ಸಲ ತಪ್ಪಿಸಿಕೊಳ್ಳಲಿಲ್ಲ. ತಪ್ಪಿಸಿಕೊಳ್ಳಲು ಅದರಲ್ಲಿ ಏನಾದರೂ ಉಳಿದಿರಬೇಕಲ್ಲ. ಒಳ್ಳೆಯ, ಶಾಂತವಾದ, ಚೆನ್ನಾಗಿ ನಿದ್ದೆ ಮಾಡಿದ ಕಣ್ಣು.

"ನಿನ್ನೆ ಅಂಗಳದಲ್ಲಿ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ," ಎಂದೆ.

ಅವರು ಸ್ವಲ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಸರಿಯಾಗಿ ಏನಂದೆ ಅಂತ... ತಾಳಿ, ಬರೆದಿಟ್ಟಿದೀನಿ, ತಂದು ಓದ್ತೀನಿ," ಎಂದು ಕೈ ಒರೆಸಿಕೊಂಡು ಒಳಗೆ ಹೋದರು. ಮೇಜಿನ ಡ್ರಾಯರ್ ಎಳೆಯುವ ಸದ್ದು ಕೇಳಿತು, ಪುಟ ತಿರುವುವ ಸದ್ದೂ ಕೇಳಿತು.

ಕೊರಳಿಗೆ ಕಟ್ಟಿದ ಬಟ್ಟೆ ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ. ಎಡಗೆನ್ನೆಯ ತುಂಬ ನೊರೆಯಿತ್ತು, ಒರೆಸಿಕೊಳ್ಳಲಿಲ್ಲ. ಬಂದರಿನ ರಸ್ತೆಯಲ್ಲಿ ಹಾಗೇ ನಡೆದೆ. ಬಲೆ ಹೊಲಿಯುತ್ತಿದ್ದವರು ನೋಡಿದರು, ತೊಫು ಅಜ್ಜಿ ಬಾಗಿಲಿಗೆ ಬಂದು ನೋಡಿದಳು. ಮನೆ ಮುಟ್ಟುವಷ್ಟರಲ್ಲಿ ಗಾಳಿಗೆ ನೊರೆ ಒಣಗಿ ಕೆನ್ನೆ ಬಿಗಿದುಕೊಂಡಿತ್ತು.

ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕ್ಷೌರಕ್ಕೆ ಈಗ ಬಸ್ಸು ಹಿಡಿದು ಮುಂದಿನ ಊರಿಗೆ ಹೋಗುತ್ತೇನೆ. ಅಲ್ಲಿಯವನ ಕೈ ಒರಟು, ಕತ್ತಿ ಮೊಂಡು. ಆದರೆ ನಾನು ಬೈದರೆ ಅಲ್ಲೇ, ಆಗಲೇ, ತಿರುಗಿಸಿ ಬೈಯುತ್ತಾನೆ.