ಹೊರಗೆ ಹಿಮ ಬಿದ್ದಿದೆಯಾ?

ಡೆಲ್ವಿನ್‌ನನ್ನು ಅವತ್ತೇ ಸರೋವರಕ್ಕೆ ತಳ್ಳಿಬಿಡಬೇಕಿತ್ತು. ತಳ್ಳಲಿಲ್ಲ. ಆ ಸಿಟ್ಟು ಇವತ್ತಿಗೂ ನನ್ನಲ್ಲಿದೆ.

ಜೂನ್ ತಿಂಗಳು. ಅಮೆರಿಕದ ಮೂಲನಿವಾಸಿಗಳಾದ ನಮ್ಮ ಒಜಿಬ್ವೆ ಜನರಿಗೆ ಮೀಸಲಾದ ನೆಲ, ನಮ್ಮ ರಿಸರ್ವೇಶನ್ನಿನ ಶಾಲೆಯಲ್ಲಿ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನ. ಮೊದಲ ಸಾಲಿನಲ್ಲಿ ನನ್ನ ಅಜ್ಜಿ ಜೋಸೆಟ್, ಮಡಿಲಲ್ಲಿ ಪರ್ಸು, ಪರ್ಸಿನ ಮೇಲೆ ಎರಡೂ ಕೈ. ಒಜಿಬ್ವೆ ಭಾಷೆಯನ್ನು ತೊಟ್ಟಿಲಲ್ಲೇ ಕಲಿತು ಆಡುವವರು ನಮ್ಮೂರಿನಲ್ಲಿ ಈಗ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಅಜ್ಜಿಯೇ ಹಿರಿಯಳು. ನಾನು ರೊವೀನಾ, ಆ ಭಾಷೆಯನ್ನು ಕಲಿಸುವ ಟೀಚರ್ ಆಗಲು ತರಬೇತಿಯಲ್ಲಿದ್ದವಳು. ಡೆಲ್ವಿನ್ ನಮ್ಮಂಥ ಟ್ರೈನಿಗಳಿಗೆ ಟ್ಯಾಬ್ಲೆಟ್, ರೆಕಾರ್ಡಿಂಗ್, ಎಐ ಎಲ್ಲ ಹೇಳಿಕೊಡಲು ಕಾಲೇಜಿನವರು ಕಳಿಸಿದ್ದ ಆಸಾಮಿ. ಅವನೂ ನಮ್ಮ ಜನವೇ, ಆದರೆ ದೊಡ್ಡ ನಗರ ಮಿನಿಯಾಪೊಲಿಸ್‌ನಲ್ಲಿ ಬೆಳೆದವನು.

ಚಳಿಗಾಲವಿಡೀ ನಾನು ಅಜ್ಜಿಯ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ಮಾತು, ಕಥೆಗಳನ್ನೆಲ್ಲ ಅವನು ಎಐಗೆ ಉಣ್ಣಿಸಿದ್ದ. ಮಕ್ಕಳು ಏನು ಕೇಳಿದರೂ ಟ್ಯಾಬ್ಲೆಟ್ಟು ಅಜ್ಜಿಯ ದನಿಯಲ್ಲೇ ಉತ್ತರಿಸುತ್ತಿತ್ತು. "ಮೀನಿಗೆ ಏನಂತಾರೆ?" ಎಂದರೆ ಹೇಳುತ್ತಿತ್ತು. "ನಿಂಗೆ ಹಸಿವಾ?" ಎಂದರೆ ನಗುತ್ತಿತ್ತು. ಅಜ್ಜಿಯೂ ತುಟಿಯಂಚಿನಲ್ಲಿ ನಕ್ಕಳು. ನಾನು ಡೆಲ್ವಿನ್ ಕಡೆ ನೋಡಿದೆ. ಅವನು ಆಗಲೇ ನನ್ನ ಕಡೆ ನೋಡುತ್ತಿದ್ದ.

ಆಗ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಟ್ಯಾಬ್ಲೆಟ್ಟಿಗೆ ಮೂಗು ತಾಗಿಸಿ, "ಒಂದು ಕಥೆ ಹೇಳಜ್ಜಿ" ಎಂದಳು.

ಅದು ಹೇಳಲು ಶುರುಮಾಡಿತು.

ನೆಲದ ಮೇಲೆ ಹಿಮ ಇದ್ದಾಗ ಮಾತ್ರ ಹೇಳಬೇಕಾದ ಕಥೆಗಳು ನಮ್ಮಲ್ಲಿವೆ. ಬೇಸಿಗೆಯಲ್ಲಿ ಹೇಳಿದರೆ ಹಾಸಿಗೆಗೆ ಕಪ್ಪೆ ಬರುತ್ತೆ ಅಂತ ಮಕ್ಕಳನ್ನು ಹೆದರಿಸುತ್ತೇವೆ. ದೊಡ್ಡವರನ್ನು ಹೆದರಿಸಬೇಕಾಗಿಲ್ಲ, ಅವರು ತಾವಾಗೇ ಹೇಳುವುದಿಲ್ಲ. ಅಜ್ಜಿಯಂತೂ ಬೇಸಿಗೆಯಲ್ಲಿ ಯಾವತ್ತೂ ಹೇಳಿದವಳಲ್ಲ. ಈಗ ಜೂನ್ ತಿಂಗಳ ಬಿಸಿಲಿನಲ್ಲಿ, ಊರವರೆಲ್ಲರ ಮುಂದೆ, ಅವಳದೇ ದನಿಯಲ್ಲಿ ಅಂಥ ಕಥೆ ಹೊರಡುತ್ತಿತ್ತು.

ನಾನು ಓಡಿಹೋಗಿ ಟ್ಯಾಬ್ಲೆಟ್ಟಿನ ಬಾಯಿ ಮುಚ್ಚಿಸುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದಳು. ಅವಳು ಡೆಲ್ವಿನ್‌ನನ್ನು ನೋಡಲೇ ಇಲ್ಲ. ನನ್ನನ್ನು ನೋಡಿದಳು.

"ನನ್ನ ಮಾತು ನಿನ್ನ ಕೈಲಿ ಕೊಟ್ಟೆ. ನೀನು ಅದನ್ನ ಯಾರ ಕೈಗೋ ಕೊಟ್ಟೆ. ತೆಗೆಸು ಅದರಿಂದ ನನ್ನ ಗಂಟಲು."

ಅಷ್ಟು ಹೇಳಿ ಹೊರಟುಹೋದಳು.

ಪಾರ್ಕಿಂಗ್ ಜಾಗದಲ್ಲಿ ಡೆಲ್ವಿನ್‌ನನ್ನು ಹಿಡಿದೆ.

"ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಹಾಕಿದ್ಯಾ?"

"ಎಲ್ಲಾ ರೆಕಾರ್ಡಿಂಗೂ ಒಟ್ಟಿಗೇ ಹಾಕಿದೆ. ಬೇರೆ ಮಾಡೋದು ಮರೆತೆ. ಜೂನ್ ಯಾವುದು, ಜನವರಿ ಯಾವುದು ಅದಕ್ಕೆ ಗೊತ್ತಾಗಲ್ಲ, ರೊವೀನಾ."

"ಅದಕ್ಕೆ ಗೊತ್ತಾಗಲ್ಲ ಅಂತ ನಿಂಗೆ ಗೊತ್ತಿತ್ತಲ್ಲ! ಗೊತ್ತಿಲ್ಲ ಅನ್ನೋದನ್ನ ಮೊದಲು ಕಲಿಸು ಅದಕ್ಕೆ. ಅದೊಂದು ಕಲಿಸಿಲ್ಲ, ಮೇಷ್ಟ್ರಂತೆ ಮೇಷ್ಟ್ರು!"

"ತಪ್ಪು ನಂದೇ."

ಥೂ, ಜಗಳವಾಡುವುದಕ್ಕೂ ಬಾರದ ಗಂಡಸು! ಒಂದು ನೆಪ ಹೇಳಿದ್ದರೆ ಇನ್ನೊಂದಿಷ್ಟು ಬೈದು ಹಗುರಾಗುತ್ತಿದ್ದೆ. ಅವನು ತಲೆ ತಗ್ಗಿಸಿ ನಿಂತ. ರೆಪ್ಪೆ ಎಷ್ಟು ಉದ್ದ ಇವನದು ಅನ್ನಿಸಿತು. ಅಂಥ ಹೊತ್ತಿನಲ್ಲೂ ಹಾಗನ್ನಿಸಿತಲ್ಲ ಅಂತ ನನ್ನ ಮೇಲೇ ಉರಿದುಬಿದ್ದೆ. ಮೇ ತಿಂಗಳಲ್ಲಿ ಇದೇ ಡೆಲ್ವಿನ್ ಮೈಕ್ ಹಿಡಿಯುವುದು ಹೇಗೆಂದು ತೋರಿಸುತ್ತ ನನ್ನ ಬೆರಳಿಗೆ ಬೆರಳು ತಾಗಿಸಿ, ತಾಗಿದ್ದಕ್ಕೆ ತಾನೇ ಕೆಂಪಾಗಿದ್ದ. ದಿನಾ ಬೆಳಿಗ್ಗೆ ಸಕ್ಕರೆ ಸುರಿದ ಕಾಫಿ ತಂದು ನನ್ನ ಮೇಜಿನ ಮೇಲಿಟ್ಟು ಮಾತಾಡದೆ ಹೋಗುತ್ತಿದ್ದ. "ಹುಡುಗ ಒಳ್ಳೆಯವನು, ನಂಬಬಹುದು" ಅಂತ ನಾನೇ ಅಜ್ಜಿಗೆ ಹೇಳಿದ್ದೆ.

"ನನ್ನ ಕಣ್ಣೆದುರು ಬರಬೇಡ" ಎಂದು ಹೇಳಿ ಕಾರಿನ ಬಾಗಿಲು ಹಾಕಿಕೊಂಡೆ.

ಅದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನುಂಗಿಕೊಳ್ಳಬಹುದಿತ್ತು. ನವೆಂಬರಿನಲ್ಲಿ ಹಿರಿಯರ ಮಂಡಳಿಯ ಮುಂದೆ ನಾನು ಪಾಠ ಮಾಡಿ ತೋರಿಸಬೇಕಿತ್ತು. ಆಗ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, "ಇವಳು ನನ್ನ ಮಾತನ್ನು ಹೊರುತ್ತಾಳೆ" ಎನ್ನಬೇಕು. ಯಾರೂ ನಿಲ್ಲದಿದ್ದರೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೆ ಜನವರಿಯಲ್ಲಿ ಶುರುವಾಗಬೇಕಿದ್ದ ಪುಟಾಣಿಗಳ ಒಜಿಬ್ವೆ ತರಗತಿಯೂ ಇಲ್ಲ. ಅಜ್ಜಿಯನ್ನು ಕೇಳಿದೆ. "ನಿಲ್ಲಲ್ಲ" ಎಂದಳು. ಸ್ವಂತ ಮೊಮ್ಮಗಳ ಪಕ್ಕ ಅಜ್ಜಿಯೇ ನಿಲ್ಲದಿದ್ದರೆ ಊರಿನಲ್ಲಿ ಬೇರೆ ಯಾರು ನಿಲ್ಲುತ್ತಾರೆ?

ಹಟಕ್ಕೆ ಬಿದ್ದು ಮಾರುಕಟ್ಟೆಯಲ್ಲಿ ಸಿಗುವ ಬೇರೊಂದು ಎಐಯನ್ನು ಒಜಿಬ್ವೆ ಪಾಠ ಬರೆದುಕೊಡು ಎಂದು ಕೇಳಿದೆ. ಕಣ್ಣುಮುಚ್ಚಿ ತೆಗೆಯುವುದರೊಳಗೆ ಬರೆದುಕೊಟ್ಟಿತು. ಅಜ್ಜಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಇದು ಯಾವ ದೇಶದ ಭಾಷೆ?" ಎಂದಳು. ಟ್ಯಾಬ್ಲೆಟ್ಟನ್ನು ಸೋಫಾದ ಮೇಲೆ ಎಸೆದು ಕೋಣೆಗೆ ಹೋಗಿ ಅತ್ತೆ.

ಕಣ್ಣೆದುರು ಬರಬೇಡ ಎಂದಿದ್ದೆನಲ್ಲ, ಜುಲೈ ಮೊದಲ ವಾರ ಆ ಮನುಷ್ಯ ಸೀದಾ ಮನೆಗೇ ಬಂದ. ಅಡುಗೆಮನೆಯ ಮೇಜಿನ ಮೇಲೆ ಒಂದು ಪುಟ್ಟ ಪೆನ್ ಡ್ರೈವ್, ಅದರ ಪಕ್ಕದಲ್ಲಿ ಹೊಗೆಸೊಪ್ಪಿನ ಪೊಟ್ಟಣ ಇಟ್ಟ. ಹಿರಿಯರ ಹತ್ತಿರ ಏನು ಕೇಳುವುದಿದ್ದರೂ ಮೊದಲು ಹೊಗೆಸೊಪ್ಪು ಇಡಬೇಕು. ಅವರು ಕೈಗೆತ್ತಿಕೊಂಡರೆ ಒಪ್ಪಿದ ಹಾಗೆ.

"ನಿಮ್ಮ ಮಾತೆಲ್ಲಾ ಇದರಲ್ಲಿದೆ" ಎಂದ ಅಜ್ಜಿಗೆ. "ಬೇರೆ ಎಲ್ಲಾ ಕಡೆ ಅಳಿಸಿದೀನಿ. ನನ್ನ ಹತ್ರ ಒಂದು ಅಕ್ಷರಾನೂ ಇಲ್ಲ. ಕ್ಷಮೆ ಕೇಳೋಕೆ ಬಂದೆ."

ಅಜ್ಜಿ ಡ್ರೈವನ್ನು ಎತ್ತಿ ಕಾಡಕ್ಕಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಹೊಗೆಸೊಪ್ಪನ್ನು ಮುಟ್ಟಲಿಲ್ಲ.

"ಸೌದೆ ಒಡೆಯೋಕೆ ಬರುತ್ತಾ?" ಎಂದಳು.

"ಇಲ್ಲ."

"ಕಲಿ."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಕೆಲಸ ಮುಗಿಸಿ ನಾನು ಮನೆಗೆ ಬಂದರೆ ಹಿತ್ತಲಲ್ಲಿ ಡೆಲ್ವಿನ್. ಅಂಗಿಯ ತೋಳು ಮಡಚಿ ಕೊಡಲಿ ಎತ್ತುವುದು, ಗುರಿ ತಪ್ಪುವುದು, ಮತ್ತೆ ಎತ್ತುವುದು. ಅಜ್ಜಿ ಮೆಟ್ಟಿಲ ಮೇಲೆ ಕೂತು ಒಜಿಬ್ವೆಯಲ್ಲೇ ಬೈಯುವಳು. ಅವನು ಬೈಗುಳವನ್ನು ತಿರುಗಿ ಹೇಳಿ ಹೇಳಿ ಬಾಯಿಪಾಠ ಮಾಡುವನು. ಮೇಜಿನ ಮೇಲೆ ಹೊಗೆಸೊಪ್ಪು ಹಾಗೇ ಬಿದ್ದಿತ್ತು.

ನನ್ನ ಕಸಿನ್ ರಸ್ಟಿಗೆ ಹಬ್ಬವೋ ಹಬ್ಬ. ಡೆಲ್ವಿನ್‌ನ ಟ್ರಕ್ಕಿನ ಸೀಟಿನ ಮೇಲೆ ಜೀವಂತ ಕಪ್ಪೆ ಬಿಟ್ಟ. ಡೆಲ್ವಿನ್ ಕೂಗಿಕೊಂಡು ಕೆಳಗೆ ಹಾರಿದ್ದನ್ನು ಪೆಟ್ರೋಲ್ ಬಂಕಿನಲ್ಲಿ ನಟಿಸಿ ತೋರಿಸಿದ. "ಕಪ್ಪೆ ಮಾವ ಬಂದ್ರಾ?" ಅಂತ ಜನ ನನ್ನನ್ನು ಕೇಳತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಅಂತ ಕೇಳಬೇಡಿ.

ಒಂದು ಸಂಜೆ ನೀರಿನ ಲೋಟ ಅವನ ಮುಂದೆ ಕುಕ್ಕಿದೆ.

"ಇಷ್ಟೆಲ್ಲಾ ಮಾಡಿದ್ರೆ ಅಜ್ಜಿ ಕರಗ್ತಾಳೆ ಅನ್ಕೊಂಡಿದೀಯಾ?"

"ಇಲ್ಲ."

"ಮತ್ಯಾಕೆ ಬರ್ತೀಯ?"

ಅವನು ನೀರು ಕುಡಿದು ಲೋಟವನ್ನು ನನ್ನ ಕೈಗೇ ಕೊಟ್ಟ. ಕೊಡುವಾಗ ಬೆರಳು ತಾಗಿತು. ಈ ಸಲ ಅವನು ಕೆಂಪಾಗಲಿಲ್ಲ, ನಾನು ಕೆಂಪಾದೆ.

"ಅದನ್ನ ಈಗ ಹೇಳೋ ಹಾಗಿಲ್ಲ" ಎಂದ.

ಅಹಂಕಾರ ನೋಡಿ!

ಸೆಪ್ಟೆಂಬರಿನಲ್ಲಿ ಸರೋವರದ ನೀರಿನಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿ ಮಾಗಿತು. ಕೊಯ್ಲಿಗೆ ನನಗೂ ರಸ್ಟಿಗೂ ಒಂದು ದೋಣಿ ಅಂತ ಪ್ರತಿವರ್ಷದ ಲೆಕ್ಕ. ಈ ವರ್ಷ ಅಜ್ಜಿ ರಸ್ಟಿಯನ್ನು ತನಗೆ ಇಟ್ಟುಕೊಂಡು, ಡೆಲ್ವಿನ್‌ನನ್ನು ನನ್ನ ದೋಣಿಗೆ ಹತ್ತಿಸಿದಳು. ಅವನು ಹಿಂದೆ ನಿಂತು ಗಳ ಊರಿ ದೋಣಿ ತಳ್ಳಬೇಕು. ನಾನು ಅವನ ಕಡೆ ಮುಖಮಾಡಿ ಕೂತು, ಒಂದು ಕೋಲಿನಿಂದ ತೆನೆಯನ್ನು ದೋಣಿಯೊಳಕ್ಕೆ ಬಾಗಿಸಿ, ಇನ್ನೊಂದರಿಂದ ಮೆಲ್ಲಗೆ ಬಡಿಯಬೇಕು. ಬೇಡ ಎಂದರೂ ಅವನನ್ನೇ ನೋಡಬೇಕು.

"ನೆಟ್ಟಗೆ ತಳ್ಳು."

"ನೆಟ್ಟಗೇ ತಳ್ತಿದೀನಿ."

"ಇದು ನೆಟ್ಟಗಾ? ಹಾವಿಗೂ ನಿನಗಿಂತ ನೆಟ್ಟಗೆ ಹೋಗೋಕೆ ಬರುತ್ತೆ."

ಅವನು ನಕ್ಕ. ಬಿಸಿಲು ತೆನೆಗಳ ನಡುವಿನಿಂದ ಅವನ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಕೂದಲಲ್ಲಿ, ಹುಬ್ಬಿನಲ್ಲಿ, ಆ ಹಾಳು ರೆಪ್ಪೆಯಲ್ಲೂ ಕಾಡಕ್ಕಿ ತೆನೆಯ ಮುಳ್ಳು. ಒರೆಸಬೇಕೆನ್ನಿಸಿತು. ತೆನೆಗೆ ಜೋರಾಗಿ ಬಡಿದೆ.

"ಮೆಲ್ಲಗೆ" ಎಂದ, ಒಜಿಬ್ವೆಯಲ್ಲಿ. ಅಜ್ಜಿ ಹೇಳುವ ಹಾಗೇ ಹೇಳಿದ್ದ.

ಕೈ ತಾನಾಗಿ ನಿಂತಿತು. ಅವನೂ ಗಳ ಊರುವುದನ್ನು ಮರೆತ. ದೋಣಿ ವಾಲಿತು, ಅವನು ಮುಗ್ಗರಿಸಿದ. ನಾನು ಅವನ ಬೆಲ್ಟು ಹಿಡಿದು ಎಳೆದು ಕೂರಿಸಿದೆ. ತಳ್ಳಬೇಕಾದವಳು ಹಿಡಿದುಕೊಂಡೆ. ಅವನ ಉಸಿರು ನನ್ನ ಹಣೆಗೆ ತಾಗುತ್ತಿತ್ತು.

"ರೊವೀನಾ, ನಿನಗೊಂದು ಮಾತು ಹೇಳ್ಬೇಕು."

"ಹೇಳು."

ಬಾಯಿ ತೆರೆದ, ಮುಚ್ಚಿದ. ಆಕಾಶ ನೋಡಿದ. "ಈಗ ಬೇಡ. ಹಿಮ ಬೀಳ್ಲಿ."

ನವೆಂಬರಿಗೆ ಅವನ ಕಾಲೇಜಿನ ಕೆಲಸ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ಊರು ಬಿಟ್ಟು ಹೋಗುವ ಮಾತನ್ನು ಹೊರಡುವ ದಿನ ಹೇಳುತ್ತಾನೆ, ಹೇಡಿ. ಅವತ್ತು ಮನೆಗೆ ಬರುವವರೆಗೂ ಅವನ ಜೊತೆ ಮಾತಾಡಲಿಲ್ಲ. ಆಮೇಲೂ ಆಡಲಿಲ್ಲ. ಅಕ್ಟೋಬರ್ ಪೂರ್ತಿ ಅವನು ಸೌದೆ ಒಡೆದ, ನಾನು ಕಿಟಕಿಯ ಪರದೆ ಎಳೆದೆ.

ನವೆಂಬರಿನ ಒಂದು ಬೆಳಿಗ್ಗೆ ಎದ್ದರೆ ಊರೆಲ್ಲ ಬೆಳ್ಳಗಾಗಿತ್ತು. ಮಂಡಳಿಯ ಮುಂದೆ ಪಾಠ ಅದೇ ವಾರ ಗುರುವಾರ. ನನ್ನ ಪಕ್ಕ ನಿಲ್ಲುವವರು ಇನ್ನೂ ಯಾರೂ ಇರಲಿಲ್ಲ.

ಅಜ್ಜಿ ಕಾಫಿ ಕುಡಿಯುತ್ತಿದ್ದಳು. ಬಾಗಿಲು ತಟ್ಟಿ ಡೆಲ್ವಿನ್ ಒಳಗೆ ಬಂದ, ಟೋಪಿಯ ತುಂಬ ಹಿಮ, ಕೈಯಲ್ಲಿ ಶಾಲೆಯ ಟ್ಯಾಬ್ಲೆಟ್ಟು. ಅದನ್ನು ಹೊಗೆಸೊಪ್ಪಿನ ಪಕ್ಕ ಇಟ್ಟು ಅಜ್ಜಿಗೆ, "ಕೇಳಿ ನೋಡಿ" ಎಂದ.

ಅಜ್ಜಿ ನನ್ನ ಕಡೆ ಗಲ್ಲ ಎತ್ತಿದಳು. ನಾನು ಹಲ್ಲು ಕಚ್ಚಿಕೊಂಡೇ, "ಒಂದು ಕಥೆ ಹೇಳು" ಎಂದೆ.

"ನನಗೆ ಗೊತ್ತಿಲ್ಲ" ಎಂದಿತು ಅದು ಒಜಿಬ್ವೆಯಲ್ಲಿ. "ಟೀಚರ್, ನೀವೇ ಕಿಟಕಿಯಲ್ಲಿ ನೋಡಿ ಹೇಳಿ. ಹೊರಗೆ ಹಿಮ ಬಿದ್ದಿದೆಯಾ?"

ಅದು ಅಜ್ಜಿಯ ದನಿಯಲ್ಲ, ಡೆಲ್ವಿನ್‌ನ ದನಿ. ಅಜ್ಜಿಯ ಒಂದು ಅಕ್ಷರವನ್ನೂ ಅವನು ಮುಟ್ಟಿರಲಿಲ್ಲ. ಹಿತ್ತಲಲ್ಲಿ ಬೈಸಿಕೊಂಡು ಕಲಿತ ಮಾತನ್ನೇ ಒಂದೊಂದಾಗಿ ಅದಕ್ಕೆ ಕಲಿಸಿದ್ದ.

"ಬಿದ್ದಿಲ್ಲ ಅಂದ್ರೆ?" ಎಂದಳು ಅಜ್ಜಿ.

"ಕಥೆ ಹೇಳಲ್ಲ. ಕಾಯೋಣ ಅನ್ನುತ್ತೆ. ದಿನಾ ಬೆಳಿಗ್ಗೆ ರೊವೀನಾ ನೋಡಿ ಹೇಳ್ಬೇಕು. ಅದಕ್ಕೆ ಗೊತ್ತಾಗಲ್ಲ ಅನ್ನೋದು ಈಗ ಅದಕ್ಕೆ ಗೊತ್ತು."

ಪಾರ್ಕಿಂಗ್ ಜಾಗದಲ್ಲಿ ನಾನು ಕಿರುಚಿದ ಮಾತದು. ಅಷ್ಟು ತಿಂಗಳು ಅದನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ್ದ.

ಅಜ್ಜಿ ಇನ್ನೊಮ್ಮೆ ಕೇಳಿಸು ಎಂದಳು. ಕೇಳಿಸಿದ. ಅಜ್ಜಿಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಅಯ್ಯೋ, ನೆಗಡಿಯಾದ ಮೂಸ್ ಕಡವೆ ಮಾತಾಡಿದ ಹಾಗಿದೆಯಲ್ಲೋ! ಈ ದನಿ ಕೇಳಿದ್ರೆ ಮಕ್ಕಳು ಭಾಷೇನೇ ಬಿಟ್ಟು ಓಡಿಹೋಗ್ತಾರೆ." ಕಣ್ಣೊರೆಸಿಕೊಂಡು ಕಾಡಕ್ಕಿಯ ಡಬ್ಬಿಗೆ ಕೈ ಹಾಕಿ ಡ್ರೈವ್ ತೆಗೆದಳು. "ನಂದೇ ಹಾಕು. ಇವಳು ಪಕ್ಕದಲ್ಲಿದ್ದು ನೋಡ್ಕೋತಾಳೆ."

ಆಮೇಲೆ ಹೊಗೆಸೊಪ್ಪಿನ ಪೊಟ್ಟಣವನ್ನು ಕೈಗೆತ್ತಿಕೊಂಡಳು. "ಗುರುವಾರ ನಾನೂ ಬರ್ತೀನಿ" ಎಂದಳು ನನಗೆ. "ನಿನ್ನ ಪಕ್ಕ ನಿಲ್ತೀನಿ. ನನ್ನ ನೀಲಿ ಅಂಗಿ ಇಸ್ತ್ರಿ ಮಾಡು."

ನನ್ನ ಕಣ್ಣು ಮಂಜಾಯಿತು. ಡೆಲ್ವಿನ್ ಟೋಪಿ ತೆಗೆದು ನನ್ನೆದುರು ಬಂದು ನಿಂತ.

"ರೊವೀನಾ, ಹೊರಗೆ ಹಿಮ ಬಿದ್ದಿದೆ ತಾನೆ?"

"ಕಣ್ಣು ಕಾಣಲ್ವಾ? ಬಿದ್ದಿದೆ. ಹೋಗ್ತೀನಿ ಅಂತ ಹೇಳೋಕೆ ಬಂದಿದೀಯ, ಹೇಳಿ ಹೋಗು."

"ಹೋಗ್ತೀನಾ? ಎಲ್ಲಿಗೆ? ಶಾಲೇಲಿ ಕೆಲಸ ಕೇಳಿ ಆಗಿದೆ." ಅವನ ಕೈಯಲ್ಲಿ ಟೋಪಿ ಹಿಂಡಿಹೋಗುತ್ತಿತ್ತು. "ನಿನ್ನನ್ನ ಪ್ರೀತಿಸ್ತೀನಿ. ಮೇ ತಿಂಗಳಿಂದ. ಜುಲೈನಲ್ಲೇ ಹೇಳ್ಬೇಕು ಅಂತಿದ್ದೆ. ನಿಮ್ಮಜ್ಜಿನ ಕೇಳಿದೆ. ಅಂಥ ದೊಡ್ಡ ಮಾತನ್ನೂ ಹಿಮ ಬಿದ್ದ ಮೇಲೇ ಆಡ್ಬೇಕು ಅಂದ್ರು. ಒಂದು ಸಲ ತಪ್ಪು ಮಾಡಿದ್ದೆ. ಇನ್ನೊಂದು ಸಲ ಮಾಡೋಕೆ ಭಯ ಆಯ್ತು."

ನಾನು ಕಿರುಚಿದ್ದಕ್ಕೆ ಕಿಟಕಿಯ ಗಾಜು ಅದುರಿತು.

"ಅದು ಕಥೆಗೆ ಕಣೋ! ಪ್ರೀತಿಗಲ್ಲ! ಪ್ರೀತಿಗೆ ಯಾವ ಪೆದ್ದ ಹಿಮ ಕಾಯ್ತಾನೆ? ಜುಲೈಯಿಂದ ಉರ್ಕೊಂಡು ಸಾಯ್ತಿದೀನಿ ನಾನಿಲ್ಲಿ!" ತಿರುಗಿದೆ. "ಅಜ್ಜೀ!"

ಅಜ್ಜಿ ಕಾಫಿಯ ಕಪ್ಪಿನೊಳಗೇ ನೋಡುತ್ತಿದ್ದಳು. "ಜುಲೈನಲ್ಲೇ ಹೇಳಿಬಿಟ್ಟಿದ್ರೆ ಚಳಿಗಾಲಕ್ಕೆ ಸೌದೆ ಯಾರು ಒಡೀತಿದ್ರು? ನೀನಾ?"

ನಾನು ಡೆಲ್ವಿನ್‌ನ ಕೋಟಿನ ಕಾಲರು ಹಿಡಿದು ಮೆಟ್ಟಿಲಿನಿಂದ ಕೆಳಗೆ ಎಳೆದುಕೊಂಡು ಹೋದೆ. ಅವನು ಒಡೆದು ಜೋಡಿಸಿದ್ದ ಸೌದೆಯ ರಾಶಿಗೆ ಒರಗಿಸಿ, ಇಡೀ ಬೇಸಿಗೆಯ ಸಿಟ್ಟನ್ನೆಲ್ಲ ಸೇರಿಸಿ ಮುತ್ತು ಕೊಟ್ಟೆ. ಅವನ ರೆಪ್ಪೆಯ ಮೇಲೆ ಹಿಮ ಬೀಳುತ್ತಿತ್ತು. ಈ ಸಲ ನಾನೇ ಒರೆಸಿದೆ.

"ನಾನೂ" ಎಂದೆ. "ನಾನೂ ಅಷ್ಟೇ. ಇನ್ನೊಂದು ಸಲ ಕಾಯಿಸಿದ್ರೆ ಸಾಯಿಸಿಬಿಡ್ತೀನಿ."

"ಆಯ್ತು" ಎಂದ. ಜಗಳವಾಡಲು ಇವತ್ತಿಗೂ ಕಲಿತಿಲ್ಲ ಅವನು.

"ಏಯ್, ಒಳಗೆ ಬಂದು ಬಾಗಿಲು ಹಾಕ್ರೋ, ಚಳಿ ನುಗ್ತಿದೆ!" ಎಂದು ಅಜ್ಜಿ ಒಳಗಿನಿಂದ ಕೂಗಿದಳು. "ಕಥೆ ಶುರು ಮಾಡ್ತೀನಿ. ಆ ಪೆಟ್ಟಿಗೆನೂ ಹತ್ರ ಇಡಿ, ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಲಿ ಅದು."